ಆರನೇ ಕಾರ್ಡು

ಬಚ್ಚಲಿನಿಂದ ಹೊರಬಂದ ಟೈಲರಮ್ಮ ಕನ್ನಡಿಗಿಂತ ಮೊದಲು ಗಂಡನ ಮುಖ ನೋಡುತ್ತಿದ್ದಳು. ಪಾಸೋ ಫೇಲೋ ಎಂದು ಕೇಳುವ ಆ ಕಣ್ಣಿಗೆ ಅವನು ಸೋತುಹೋಗಿದ್ದ.

ಮಿದುಳಿಗೆ ಜ್ವರ ಏರಿ ಇಳಿದ ಮೇಲೆ ಅವಳಿಗೆ ನಿನ್ನೆಯದು ಇವತ್ತಿಗೆ ಉಳಿಯುತ್ತಿರಲಿಲ್ಲ, ಈಗಷ್ಟೇ ಮಾಡಿದ್ದೂ ಅನುಮಾನ. ಹಲ್ಲುಜ್ಜುವುದರಿಂದ ತಲೆ ಬಾಚುವವರೆಗೆ ಏಳು ಕೆಲಸ. ಬಚ್ಚಲ ಗೋಡೆಯ ಮೊಳೆಗಳಿಗೆ ಏಳು ಕಾರ್ಡು. ಒಂದೊಂದು ಮುಗಿದಂತೆ ಒಂದೊಂದನ್ನು ತಿರುಗಿಸಿ ಹಾಕಬೇಕು. ಹತ್ತು ದಿನ ಏಳೂ ತಿರುಗಿದರೆ ಬೀದಿಯಾಚೆಯ ತನ್ನ ಹೊಲಿಗೆ ಅಂಗಡಿಗೆ ಒಬ್ಬಳೇ ಹೋಗಬಹುದು ಎಂದಿದ್ದರು ಡಾಕ್ಟರು.

ಅವನು ಒಳಗೆ ಹೋಗಿ ಎಣಿಸಿ ಬರುತ್ತಿದ್ದ.

"ಆರೇ, ಮೇಡಂ. ಇವತ್ತೂ ಹಿಮ್ಮಡಿ ಉಜ್ಜಿಲ್ಲ."

"ಇವತ್ತೂನಾ? ಹಾಗಾದ್ರೆ ನೀವೇ ಉಜ್ಜಿ."

ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಅವನು ಪಾದ ಹಿಡಿದರೆ ಅವಳಿಗೆ ಕಚಗುಳಿ, ನಗು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದವರೆಲ್ಲ ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಏಳೂ ಮುಗಿಸಿ ಹೊರಡುವಾಗ ಆರನೇ ಕಾರ್ಡು, ಹಿಮ್ಮಡಿಯದು, ಕೈತಾಗಿ ಬಿತ್ತು. ಅದರ ಹಿಂದಿನ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕಲು ಅವಳು ಸದಾ ಇಟ್ಟುಕೊಳ್ಳುವ ನೀಲಿ ಸೀಮೆಸುಣ್ಣದ ಗೀಟುಗಳು! ಕೆಲಸ ಮುಗಿದಾಗ ಅಳತೆಯ ಪೇಪರ್ ಎತ್ತಿ ಅದರಡಿಯ ಬಟ್ಟೆಯ ಮೇಲೆ ಒಂದು ಗೀಟು ಎಳೆಯುವುದು ಅವಳ ಇಪ್ಪತ್ತು ವರ್ಷದ ಅಭ್ಯಾಸ. ತಲೆ ಮರೆತರೂ ಕೈ ಮರೆತಿರಲಿಲ್ಲ. ಎಣಿಸಿದಳು: ಹದಿನೆಂಟು. ಉಳಿದ ಕಾರ್ಡುಗಳನ್ನೂ ಎತ್ತಿ ನೋಡಿದಳು. ಎಲ್ಲದರ ಹಿಂದೆಯೂ ಹದಿನೆಂಟೇ. ಹತ್ತು ದಿನ ದಾಟಿದ್ದರೂ ಅವಳಿನ್ನೂ ಅಂಗಡಿಗೆ ಹೋಗಿರಲಿಲ್ಲ.

"ನಾನು ದಿನಾ ಉಜ್ಜಿದ್ದೆ," ಎಂದಳು ಬಾಗಿಲಲ್ಲಿ ನಿಂತಿದ್ದವನಿಗೆ. "ನೀವು ದಿನಾ ಕಾರ್ಡು ವಾಪಸ್ ತಿರುಗಿಸಿದ್ರಿ."

ಅವನು ತಲೆ ತಗ್ಗಿಸಿದ. "ಜ್ವರಕ್ಕೆ ಮುಂಚೆ ನಿನಗೆ ನನ್ನ ಮುಖ ನೋಡೋಕೂ ಪುರುಸೊತ್ತಿರಲಿಲ್ಲ. ಅಂಗಡಿಗೆ ಹೋದ್ರೆ ಮತ್ತೆ ಹಾಗೇ ಆಗುತ್ತೆ ಅಂತ..."

"ಅದಕ್ಕೆ ನನ್ನ ತಲೆ ಇನ್ನೂ ಸರಿಹೋಗಿಲ್ಲ ಅಂತ ನನ್ನನ್ನೇ ನಂಬಿಸಿದ್ರಾ?"

ತನ್ನ ನೆನಪಿನ ಜಾಗದಲ್ಲಿ ಅವಳು ಇವನ ಮಾತನ್ನು ಇಟ್ಟುಕೊಂಡಿದ್ದಳು. ಅದೇ ಸುಳ್ಳು. ನಾಳೆ ಬೆಳಗಾದರೆ ಈ ಸಿಟ್ಟೂ ಇರುವುದಿಲ್ಲ, ಮತ್ತೆ ಇವನ ಮುಂದೆ ಕಾಲು ಚಾಚಿ ನಗುತ್ತೇನೆ ಎಂದುಕೊಂಡಾಗ ಅಳುವೇ ಬಂತು.

ಖಾಲಿ ಕಾರ್ಡೊಂದನ್ನು ಅವನ ಕೈಗಿಟ್ಟಳು. "ಬರೀರಿ."

ಅವನು ಬರೆದ: ಏಳೂ ನೀನೇ ಮಾಡಿದ್ದೆ. ನಾನು ಸುಳ್ಳು ಹೇಳಿದೆ.

ಅವಳು ಅದನ್ನು ಸಾಲಿನ ಕೊನೆಯಲ್ಲಿ ಖಾಲಿಯಿದ್ದ ಎಂಟನೇ ಮೊಳೆಗೆ ಸಿಕ್ಕಿಸಿದಳು.

"ದಿನಾ ಓದಿ ದಿನಾ ಕೋಪ ಮಾಡ್ಕೊಳ್ತೀಯಾ?"

"ಹೂಂ."

"ಎಲ್ಲಿವರೆಗೆ?"

"ಓದದೇನೇ ನೆನಪಾಗೋವರೆಗೆ. ಕ್ಷಮಿಸೋದೋ ಬಿಡೋದೋ ಆಮೇಲಿನ ಮಾತು. ಮರೆತುಹೋಗಿ ನಕ್ಕರೆ ಅದು ಕ್ಷಮೆ ಅಲ್ಲ ರೀ."

ಅಂಗಡಿಯ ಬೀಗದಕೈ ತೆಗೆದುಕೊಂಡು ಕನ್ನಡಿಯ ಮುಂದೆ ನಿಂತು ಹೆರಳು ಸರಿಮಾಡಿಕೊಂಡಳು. ಅವನು ಬಾಗಿಲಲ್ಲೇ ಕಾದಿದ್ದ. ಅವಳು ಅವನ ಮುಖ ನೋಡದೆ ಮೆಟ್ಟಿಲಿಳಿದಳು.