ಅಮ್ಮ ಬಿಟ್ಟುಹೋದ ಜೇಡ್ ಗಿಡ

“ಅದನ್ನ ಕೆಳಗಿಡಿ.”

ಅವಳ ದನಿ ಕೇಳಿ ಅವನು ನಿಂತಲ್ಲೇ ನಿಂತ. ಕೈಯಲ್ಲಿ ಅಗಲವಾದ ಕುಂಡ, ಕುಂಡದಲ್ಲಿ ದಪ್ಪ ಕಾಂಡದ ಗಿಡ್ಡ ಮರ. ಮನೆಯೊಳಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಆಗಲೇ ಕಿಟಕಿಯ ಬಳಿ ಜಾಗ ಮಾಡಲು ಹೊರಟಿದ್ದ, ಅಪ್ಪನಿಗೆ ವ್ಯಾಯಾಮ ಮಾಡಿಸಲು ಬಂದ ಈ ಹೊಸ ಫಿಸಿಯೋ.

“ಅಂಕಲ್ ಕುರ್ಚಿಗೆ ಸ್ವಲ್ಪ ಬೆಳಕು ಬೇಕಿತ್ತು...”

“ಬೆಳಕು ಅದಕ್ಕೂ ಬೇಕು. ಅದು ನಮ್ಮ ಅಮ್ಮಂದು.”

ಅವನು ಕುಂಡವನ್ನು ಮೊದಲಿದ್ದಲ್ಲೇ ಇಟ್ಟ. ಯಾವ ಕೊಂಬೆ ಕಿಟಕಿಯ ಕಡೆಗಿತ್ತೋ ಅದೇ ಕೊಂಬೆ ಆ ಕಡೆ ಬರುವಂತೆ ತಿರುಗಿಸಿಯೂ ಇಟ್ಟ. ಆಮೇಲೆ ಅಪ್ಪನ ಕುರ್ಚಿಯನ್ನೇ ಎಳೆದು ಗಿಡದ ಪಕ್ಕಕ್ಕೆ ತಂದ.



ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಬಿದ್ದುಹೋಗಿತ್ತು. ಮಾತೂ ಅರ್ಧಕ್ಕರ್ಧ ಹೋಗಿತ್ತು. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದ ಕೈ ಅದು. ಅಮ್ಮ ತೀರಿಕೊಂಡ ದುಃಖದಲ್ಲಿದ್ದ ಮನುಷ್ಯನಿಗೆ ಕೈಯೂ ಹೋದ ಮೇಲೆ ಯಾವುದೂ ಬೇಡವಾಗಿತ್ತು. ವ್ಯಾಯಾಮ ಅಂದರೆ ಮುಖ ತಿರುಗಿಸಿಬಿಡುತ್ತಿದ್ದರು. ಈ ಫಿಸಿಯೋಗಿಂತ ಮುಂಚೆ ಬಂದವರೆಲ್ಲ ಸಾಕಪ್ಪಾ ಸಾಕು ಅಂತ ಕೈಮುಗಿದು ಹೋಗಿದ್ದರು.

ಅವಳಿಗೆ ಉಳಿದಿದ್ದು ಅಪ್ಪ ಮತ್ತು ಆ ಜೇಡ್ ಗಿಡ. ಅಮ್ಮ ವರ್ಷಗಟ್ಟಲೆ ತಂತಿ ಸುತ್ತಿ, ಚಿಗುರು ಚಿವುಟಿ, ದೊಡ್ಡ ಮರದ ಆಕಾರಕ್ಕೆ ತಂದ ಬೋನ್ಸಾಯ್. ಮಣ್ಣಿಗೆ ಬೆರಳು ಇಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು, ಉಪವಾಸ ಕೆಡವಿದರೂ ಬದುಕುತ್ತದೆ, ಮುದ್ದು ಹೆಚ್ಚಾದರೆ ಕೊಳೆಯುತ್ತದೆ ಎಂದು ಅಮ್ಮ ಹೇಳುತ್ತಿದ್ದಳು.

ಅವಳ ಕೆಲಸ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ. ದಿನವಿಡೀ ಕತ್ತು ಬಗ್ಗಿಸಿ ಕೂತು ಊರಿನವರ ನಗುವನ್ನೆಲ್ಲ ಉಜ್ಜಿ ಹೊಳಪು ಮಾಡುತ್ತಿದ್ದಳು, ಮನೆಗೆ ಬರುವಾಗ ತನ್ನ ಪಾಲಿಗೆ ಒಂದೂ ಉಳಿದಿರುತ್ತಿರಲಿಲ್ಲ. ಫಿಸಿಯೋ ಬರುತ್ತಿದ್ದದ್ದು ಅವಳು ಹಿಂದಿರುಗುವ ಮುಂಚೆ. ಆದರೂ ಅವಳು ಬಂದ ಮೇಲೆಯೇ ಹೊರಡುತ್ತಿದ್ದ. ಒಂದು ಸಂಜೆ ಅವಳು ಕತ್ತು ಹಿಡಿದುಕೊಂಡು ಒಳಗೆ ಬಂದಾಗ, ಗದ್ದವನ್ನು ಹೀಗೆ ಹಿಂದಕ್ಕೆ ತಳ್ಳಿ ಎಂದು ದೂರದಿಂದಲೇ ಮಾಡಿ ತೋರಿಸಿದ. ಮಾರನೇ ದಿನ ಲ್ಯಾಬಿನಲ್ಲಿ ಹಾಗೆ ಮಾಡುವಾಗ ಅವಳಿಗೆ ಸುಮ್ಮಸುಮ್ಮನೆ ನಗು ಬಂತು.

ಆಮೇಲಾಮೇಲೆ ಬಾಗಿಲ ಬಳಿಯ ಎರಡು ಮಾತು ಉದ್ದವಾಗತೊಡಗಿತು. ಅಮ್ಮನ ಕೊನೆಯ ದಿನಗಳನ್ನು, ಗಿಡದ ಆರೈಕೆಯನ್ನು, ಯಾರಿಗೂ ಹೇಳದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ಹೋದ ಮೇಲೆ ಮನೆ ಯಾಕೆ ಇಷ್ಟು ಖಾಲಿ ಅನ್ನಿಸುತ್ತೆ... ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದಳು.

ಹಾಗಿರುವಾಗಲೇ ಎಲೆ ಉದುರಲು ಶುರುವಾಯಿತು.

ಮೊದಲು ಒಂದೆರಡು, ಆಮೇಲೆ ಹಿಡಿಗಟ್ಟಲೆ. ಕೆಲಸದ ಒತ್ತಡದಲ್ಲಿ ವಾರಗಳಿಂದ ನೀರೇ ಹಾಕಿಲ್ಲವಲ್ಲ ಎಂದು ಗಾಬರಿಯಾಗಿ ಮಣ್ಣಿಗೆ ಬೆರಳು ಇಳಿಸಿದಳು. ಮಣ್ಣು ಕೆಸರಾಗಿತ್ತು! ಕಾಂಡವನ್ನು ಒತ್ತಿದರೆ ಕೊಳೆತ ಹಣ್ಣಿನಂತೆ ಬೆರಳು ಒಳಗೆ ಹೋಯಿತು.

“ಇದಕ್ಕೆ ಯಾರು ನೀರು ಹಾಕ್ತಿರೋದು?”

ಅಪ್ಪನ ತುಟಿ ಅದುರಿತು. ಎಡಗೈ ಮೇಜಿನ ಮೇಲಿದ್ದ ಲೋಟದತ್ತ ಹೋಯಿತು. ಅವರಿಗೂ ಸಂಕಟವಾಗಿದೆ, ನೀರು ಬೇಕೇನೋ ಎಂದುಕೊಂಡು ಅವಳು ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದಳು.

ಹೊರಡಲು ನಿಂತಿದ್ದ ಫಿಸಿಯೋ ಅಪ್ಪನ ಮುಖವನ್ನೊಮ್ಮೆ ನೋಡಿದ.

“ನಾನೇ,” ಎಂದ.

“ನಿಮಗೆ ಎಲ್ಲಾ ಹೇಳಿದ್ದೆ. ಹೆಚ್ಚು ನೀರು ಬಿದ್ರೆ ಸಾಯುತ್ತೆ ಅಂತಾನೂ ಹೇಳಿದ್ದೆ.”

“ಹೇಳಿದ್ರಿ.”

“ಮತ್ತೆ ಯಾಕೆ?”

ಅವನು ಬಾಗಿ ಉದುರಿದ ಎಲೆಗಳನ್ನು ಹೆಕ್ಕತೊಡಗಿದ. ಅದು ಅವಳನ್ನು ಇನ್ನಷ್ಟು ಸುಟ್ಟಿತು. ನಾನು ಎದೆ ಬಿಚ್ಚಿ ಹೇಳಿದ್ದಕ್ಕೆ ಇವನ ಹತ್ತಿರ ಇಷ್ಟೇನಾ ಬೆಲೆ... ನಾಳೆಯಿಂದ ಬರುವುದು ಬೇಡ ಎಂದಳು. ಅವನು ಅಪ್ಪನ ಭುಜ ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅವಳು ಗಿಡವನ್ನು ಕಿತ್ತಳು. ಬೇರುಗಳೆಲ್ಲ ಕಪ್ಪಗಾಗಿ ನಾರುತ್ತಿದ್ದವು. ಬುಡದಿಂದ ಕೊಯ್ಯುತ್ತಾ ಹೋದಳು, ಕೊಯ್ದಷ್ಟೂ ಕೊಳೆತದ್ದೇ. ಅಮ್ಮ ಬಾಗಿಸಿದ ಕೊಂಬೆಗಳು ಒಂದೊಂದಾಗಿ ಕಸದ ಬುಟ್ಟಿ ಸೇರಿದವು. ಕೊನೆಗೆ ತುದಿಯ ಒಂದೇ ಕೊಂಬೆ ಒಳಗೂ ಹಸಿರಾಗಿ, ಗಟ್ಟಿಯಾಗಿ ಸಿಕ್ಕಿತು. ಅದನ್ನು ಕಾಗದದ ಮೇಲೆ ನೆರಳಿನಲ್ಲಿಟ್ಟಳು. ಕೊಯ್ದ ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಕುಂಡ ತೊಳೆದು, ಮರಳು ಮತ್ತು ಇಟ್ಟಿಗೆ ಚೂರು ತುಂಬಿ ನೆಟ್ಟಳು. ಬೇರು ಬಿಡುವವರೆಗೆ ಒಂದು ಹನಿ ನೀರೂ ತಾಗಬಾರದು.

ಕುಂಡ ಮತ್ತೆ ಕಿಟಕಿಗೆ ಬಂದ ದಿನ ಅವಳಿಗೆ ರಜೆ. ನೆಲ ಒರೆಸುತ್ತಿದ್ದಳು.

“ಪು... ಪುಟ್ಟೀ...”

ತಿರುಗಿ ನೋಡಿದಳು. ಅಪ್ಪನ ಕೈಯಲ್ಲಿ ನೀರು ತುಂಬಿದ ಲೋಟ. ಅದು ಕುಂಡದ ಕಡೆಗೆ ಹೋಗುತ್ತಿತ್ತು. ಬೇಡ ಅಪ್ಪಾ ಎಂದು ಓಡಿದವಳು ಅರ್ಧದಲ್ಲೇ ನಿಂತಳು.

ಅದು ಬಲಗೈ.

ಬೆರಳುಗಳು ಲೋಟವನ್ನು ಸುತ್ತಿಕೊಂಡಿದ್ದವು. ಮೊಣಕೈ ನಡುಗುತ್ತಾ ಮೇಲೇಳುತ್ತಿತ್ತು. ಅಪ್ಪನ ಹಣೆಯಲ್ಲಿ ಬೆವರು, ಕಣ್ಣು ಮಾತ್ರ ಮಗಳ ಮೇಲೆ. ಕೈ ಚಾಚಿದರೆ ಸಾಕು, ಲೋಟ ಕಿತ್ತುಕೊಳ್ಳಬಹುದಿತ್ತು. ಅಮ್ಮನದೆಂದು ಉಳಿದಿದ್ದ ಆ ಒಂದೇ ಕೊಂಬೆ ಉಳಿಯುತ್ತಿತ್ತು.

ಅವಳು ಕೈ ಚಾಚಲಿಲ್ಲ. ನೀರು ಅರ್ಧ ಮೇಜಿಗೆ, ಅರ್ಧ ಕೊಂಬೆಯ ಬುಡಕ್ಕೆ ಬಿತ್ತು.

“ನಾನು... ದಿನಾ. ಅವನು... ಬೇಡ ಅಂದ. ನಾನೇ... ಹೇಳ್ಬೇಡ ಅಂದೆ. ನಿಂಗೆ... ತೋರಿಸ್ಬೇಕು...”

ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವಳು ಅಪ್ಪನ ಬಲಗೈಯನ್ನು ಕೆನ್ನೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನವಾದ ಮೇಲೆ ಕೊಂಬೆಯನ್ನು ಮೆಲ್ಲಗೆ ಕಿತ್ತು, ಒರೆಸಿ, ಮತ್ತೆ ಕಾಗದದ ಮೇಲಿಟ್ಟು, ಫಿಸಿಯೋ ಕೆಲಸ ಮಾಡುವ ಕ್ಲಿನಿಕ್ಕಿಗೆ ಹೊರಟಳು.

ಅವನು ಖಾಲಿ ಹಾಸಿಗೆಯೊಂದಕ್ಕೆ ಹೊದಿಕೆ ಬದಲಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

“ಅಪ್ಪ ತೋರಿಸಿದ್ರು,” ಎಂದಳು.

ಆಗ ಅವನು ಎಲ್ಲ ಹೇಳಿದ. ಯಾವುದಕ್ಕೂ ಏಳದ ಕೈ ಒಂದು ದಿನ ಆ ಗಿಡಕ್ಕೆ ನೀರು ಹಾಕಲು ಎದ್ದಿತ್ತಂತೆ. ಎಲೆ ಉದುರಿದಾಗ ನೀರು ಸುರಿಯಲು ಗಿಡದ ಬದಲು ಬಕೆಟ್ಟು ಇಟ್ಟು ನೋಡಿದ್ದ, ಬೇರೆ ಕುಂಡ ಇಟ್ಟು ನೋಡಿದ್ದ. ಕೈ ಅಲುಗಲಿಲ್ಲ. ಹೆಂಡತಿಯ ಗಿಡ ಅಂದರೆ ಮಾತ್ರ ಏಳುತ್ತಿತ್ತು. ಕುಂಡದ ತಟ್ಟೆಗೆ ಇಳಿದ ನೀರನ್ನು ದಿನವೂ ಚೆಲ್ಲುತ್ತಿದ್ದ, ಅದು ಸಾಲಲಿಲ್ಲ.

“ಗಿಡ ಹೋಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂಕಲ್ ಕೈನ ಆರಿಸ್ಕೊಂಡೆ. ಅದಕ್ಕೇ ನಾನೇ ಅಂದಿದ್ದು. ಸುಳ್ಳಲ್ಲ ಅದು.”

“ಇವತ್ತು ನಾನೂ ಅದನ್ನೇ ಆರಿಸ್ಕೊಂಡೆ,” ಎಂದಳು. “ಆದ್ರೂ ನನಗೆ ಹೇಳ್ಬೇಕಿತ್ತು ನೀವು.”

“ಹೇಳ್ಬೇಕಿತ್ತು.”

“ಹೋಗಿ ಅಂದ ತಕ್ಷಣ ಹಾಗೇ ಹೋಗಿಬಿಡೋದಾ?”

ಅವನು ಹೊದಿಕೆಯ ಅಂಚನ್ನು ಮಡಚಿದ, ಬಿಚ್ಚಿದ. “ಪೇಷಂಟ್ ಮಗಳು ಬಾಗಿಲು ತೆಗೆಯೋ ಸದ್ದಿಗೆ ಕಾಯ್ತಾ ಕೂರೋ ಫಿಸಿಯೋ ನಾನು. ಯಾವ ಮುಖ ಇಟ್ಕೊಂಡು ಉಳಿಯಲಿ?”

ಅವಳ ಕಣ್ಣು ಮತ್ತೆ ತುಂಬಿತು. ಈ ಸಲ ಒರೆಸಿಕೊಳ್ಳಲಿಲ್ಲ.

“ನಾನೂ ಅದೇ ಬಾಗಿಲಿಗೆ ಓಡಿ ಬರ್ತಿದ್ದೆ. ನಿಮಗೆ ಕಾಣ್ಲಿಲ್ವಾ?”

ನಡುವೆ ಇದ್ದ ಹಾಸಿಗೆಯನ್ನು ಸುತ್ತಿಕೊಂಡು ಅವನು ಅವಳ ಹತ್ತಿರ ಬಂದು ನಿಂತ.

“ನನಗೆ ಕೋಪ ಜಾಸ್ತಿ,” ಎಂದಳು ಅವಳು ನೆಲ ನೋಡುತ್ತಾ. “ಇನ್ನೊಂದು ಸಲ ಹೋಗಿ ಅಂದ್ರೂ ಅಂದೇನು...”

“ಅನ್ನಿ. ಹೊರಗೆ ಮೆಟ್ಟಿಲ ಮೇಲೆ ಕೂತಿರ್ತೀನಿ.”

“ಎಷ್ಟು ಹೊತ್ತು?”

“ನೀವು ಬಂದು ಪಕ್ಕದಲ್ಲಿ ಕೂರೋ ತನಕ.”