ಗೋಡೆಯೊಳಗೊಂದು ದೀಪ

"ಯಾರಪ್ಪಾ ನೀನು? ನನ್ನ ಚಾವಣಿ ಮೇಲೆ ಬಂದು ಬಿದ್ದಿದ್ದೀಯಲ್ಲ?"

"ಆಕಾಶದ್ವೀಪ ಹುಡುಕ್ತಿದ್ದೆ, ಕಾಲು ಜಾರ್ತು... ಇದು ಮನೆನಾ? ಕೊಟ್ಟಿಗೆ ಅನ್ಕೊಂಡೆ."

ಹೀಗೆ ಶುರುವಾಯಿತು ನೋಡಿ, ಔಲು ಊರಿನ ಸೈಲಾ ಮತ್ತು ಕೆಮಿ ಬಂದರಿನ ವೆಸಾನ ಪ್ರೇಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕಂಪ್ಯೂಟರ್ ಆಟದೊಳಗಿನ ಹೆಬ್ಬೆರಳುದ್ದದ ಗೊಂಬೆಗಳು ಅವರು, ಮಾತೆಲ್ಲ ಹೆಡ್‌ಫೋನಿನಲ್ಲಿ. ಫಿನ್ಲೆಂಡಿನಲ್ಲಿ ಇಂಥ ಪ್ರೇಮ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ!

ಸೈಲಾಗೆ ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿ. ಅವಳ ದಣಿವು ಎಂಥದ್ದೆಂದರೆ, ಒಂದು ನಿಟ್ಟುಸಿರಿಗೆ ಸಮುದ್ರದ ಮಂಜುಗಡ್ಡೆಯೇ ಬಿರುಕು ಬಿಡುತ್ತಿತ್ತು. ಉಣಿಸಿದವರು ಮತ್ತೆ ಹಸಿಯುತ್ತಾರೆ, ಹಾಸಿದ ಹಾಸಿಗೆ ಮತ್ತೆ ಮುದುಡುತ್ತದೆ.

ಆದರೆ ಆಟದಲ್ಲಿ? ಎಡ, ಬಲ, ಮೇಲೆ, ಕೆಳಗೆ... ಲೋಕ ಅಷ್ಟೇ. ಅಗೆದ ಕಲ್ಲು ಕೈಗೆ ಬರುತ್ತದೆ. ಇಟ್ಟ ಕಲ್ಲು ನಾಳೆಯೂ ಅಲ್ಲೇ ಇರುತ್ತದೆ.

ಶನಿವಾರ ವೆಸಾ ರೈಲಿನಲ್ಲಿ ಬರುವವನಿದ್ದ. ಮೊದಲ ಭೇಟಿ.

ಗುರುವಾರ ಮಧ್ಯಾಹ್ನ ಅಗೆಯುತ್ತ ಅಗೆಯುತ್ತಲೇ ಸೈಲಾ ಮೇಜಿನ ಮೇಲೆ ನಿದ್ದೆಹೋದಳು. ಎದ್ದು ನೋಡಿದರೆ, ಅವಳ ಗೊಂಬೆಯ ಸುತ್ತ ಕಲ್ಲಿನ ಗೋಡೆ! ಬಾಗಿಲಿಲ್ಲ, ಕಿಟಕಿಯಿಲ್ಲ. ಒಳಗೊಂದು ಪುಟ್ಟ ದೀಪ. ವೆಸಾ ಆಟ ಬಿಟ್ಟು ಹೋಗಿದ್ದ.

"ಬಾಗಿಲು ಹಾಕೋದು ಮರೆತ್ರೆ ಕಲ್ಲು ಕಟ್ಟಿ ಮುಚ್ಚಿಬಿಡ್ತೀನಿ" ಎಂದು ಅವನು ಹಿಂದೊಮ್ಮೆ ಕಿಚಾಯಿಸಿದ್ದು ನೆನಪಾಯಿತು.

'ಕಣ್ಣು ಮುಚ್ಚಿದ್ದಕ್ಕೂ ತಮಾಷೆನಾ? ಇವನಿಗೂ ನಾನು ಆಟದ ಸಾಮಾನೇನಾ...'

"ಶನಿವಾರ ಬರಬೇಡ" ಎಂದು ಸಂದೇಶ ಕಳಿಸಿದಳು.

"ಸರಿ" ಎಂದು ಉತ್ತರ ಬಂತು. ಅಷ್ಟೇ. ಆಟದಲ್ಲಿ ಹರಟೆಮಲ್ಲ, ಮನಸ್ಸಿನ ಮಾತಿಗೆ ಬಂದರೆ ಅವನ ಬಾಯಿ ತೆರೆಸಲು ಮಂಜು ಒಡೆಯುವ ಹಡಗೇ ಬೇಕು.

ಶನಿವಾರ ಪಾಳಿ ಮುಗಿಸಿ ಬಂದವಳು ಕೋಟು ಕೂಡ ಬಿಚ್ಚದೆ ಆಟ ತೆರೆದಳು. ಗೋಡೆ ಒಡೆದು, ಆಟದೊಳಗಿನ ತನ್ನ ಮನೆಯನ್ನೇ ಕೆಡವಿ, ಇನ್ನೆಂದೂ ಅತ್ತ ಹೋಗಬಾರದು ಎಂದುಕೊಂಡಳು. ಗುದ್ದಲಿ ಬೀಸಿದಳು. ಗೋಡೆ ಒಡೆಯಿತು.

ಹೊರಗೆ ಸಮಾಧಿಕಲ್ಲುಗಳು.

ಆ ಆಟದಲ್ಲಿ ಸತ್ತವನು ಮತ್ತೆ ಹುಟ್ಟುತ್ತಾನೆ. ಸತ್ತ ಜಾಗದಲ್ಲಿ ಅವನ ಹೆಸರಿನ ಕಲ್ಲೊಂದು ಉಳಿಯುತ್ತದೆ. ಅವಳ ಗೋಡೆಯುದ್ದಕ್ಕೂ ಕಲ್ಲುಗಳು, ಎಲ್ಲದರ ಮೇಲೂ ಒಂದೇ ಹೆಸರು. ವೆಸಾ. ವೆಸಾ. ವೆಸಾ.

ವೆಸಾಗೆ ಫೋನ್ ಮಾಡಿದಳು.

"ಇಷ್ಟೊಂದು ಸಲ ಸತ್ತೆಯೇನೋ?"

"ಆಟದಲ್ಲಿ ಕೆಂಪು ಚಂದ್ರ ಹುಟ್ಟಿದ್ದ. ರಾಕ್ಷಸರು ಹಿಂಡುಹಿಂಡಾಗಿ ಬಂದ್ರು. ನೀನು ನೋಡಿದ್ರೆ ಗೊರಕೆ ಹೊಡೀತಿದ್ದೆ."

"ಎಬ್ಬಿಸಬಾರದಿತ್ತಾ?"

"ನಿದ್ದೆನೇ ಇಲ್ಲ ಅಂತಿದ್ದೆಯಲ್ಲ... ನನ್ನ ಮೈಕ್ ಮುಚ್ಕೊಂಡು, ಅವರು ನಿನ್ನ ಮುಟ್ಟಬಾರದು ಅಂತ ಗೋಡೆ ಕಟ್ಟಿದೆ. ಕಟ್ಟಿ ಮುಗಿಸೋ ಹೊತ್ತಿಗೆ ಬಂದರಿನ ಪಾಳಿಗೆ ಹೊತ್ತಾಗಿತ್ತು."

"ಆಮೇಲಾದ್ರೂ ಹೇಳಬಹುದಿತ್ತಲ್ಲ."

"ಸಿಟ್ಟಲ್ಲಿದ್ದೆ ನೀನು."

ಅವನ ಹಿಂದೆ ಧ್ವನಿವರ್ಧಕ ಯಾವುದೋ ರೈಲಿನ ಹೆಸರು ಕೂಗಿತು.

"ವೆಸಾ... ಎಲ್ಲಿದ್ದೀಯ?"

"ನಿಮ್ಮೂರ ಸ್ಟೇಷನ್ನಲ್ಲಿ. ಟಿಕೆಟ್ ಮೊದ್ಲೇ ತಗೊಂಡಿದ್ದೆ. ಒಂದು ಕಾಫಿ ಕುಡಿದು ವಾಪಸ್ ಹೋಗೋಣ ಅಂತ..."

"ಅಲ್ಲೇ ಇರು. ಇನ್ನೊಂದು ಕಾಫಿ ಕುಡಿ."

ಅವಳು ಓಡಿದ ರಭಸಕ್ಕೆ ಊರಿನ ಹಿಮವೆಲ್ಲ ಮೇಲೆದ್ದು ಮತ್ತೆ ಬಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಉದ್ದ ಕಾಲಿನ, ಕಿವಿ ಕೆಂಪಾದ ಗಂಡಸೊಬ್ಬ ಕೂತಿದ್ದ. ಅವಳು ಅವನ ಪಕ್ಕದಲ್ಲಿ ಕುಸಿದಳು.

"ಸುಸ್ತಾಗಿದೆ ಕಣೋ. ಸ್ವಲ್ಪ ಕಣ್ಣು ಮುಚ್ಚಲಾ?"

"ಮುಚ್ಚು."

"ಸುತ್ತ ಗೋಡೆ ಕಟ್ಟಲ್ಲ ತಾನೆ?"

"ಕಲ್ಲು ತಂದಿಲ್ಲ. ಭುಜ ಇದೆ. ಸಾಕಾ?"

"ಸಾಕು..."