ಅರ್ಧ ನಿಮಿಷ ತಡವಾಗಿ ಬಂದ ನಗು

"ಆಕ್ಷೀ!"

ನೀಲಾಂಬಿಕಾ ಯಮನ್ ರಾಗದ ಮೊದಲ ಸ್ವರ ಹಚ್ಚಿದ್ದಳಷ್ಟೇ. ಕಂಪ್ಯೂಟರಿನ ಹಿಂದೆ ಕುಳಿತಿದ್ದವನು ಗೋಡೆ ಅದುರುವಂತೆ ಸೀನಿಬಿಟ್ಟ.

"ಬ್ಯಾಡಗಿಯವ್ರೇನ್ರಿ ನೀವು?" ಮೂಗೊರೆಸಿಕೊಳ್ಳುತ್ತ ಕೇಳಿದ.

"ಹೌದು. ಯಾಕ?"

"ಸೀರಿ ತುಂಬ ಮೆಣಸಿನಕಾಯಿ ಘಾಟ ಐತ್ರಿ! ಕ್ಯಾಮೆರಾ ಬ್ಯಾರೆ ಚಾಲೂ ಐತಿ. ಪುಣೆ, ಸಾಂಗ್ಲಿ, ಮಸ್ಕತ್ತಿನ ಮಂದಿ ನಿಮ್ಮ ಹಾಡಿಗಿಂತ ಮೊದ್ಲ ನನ್ನ ಸೀನ ಕೇಳಿದ್ರು!"

ಮೆಣಸಿನಕಾಯಿ ವ್ಯಾಪಾರಿಯ ಮಗಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವನು ನಕ್ಕ ರೀತಿಗೆ ಆ ದಿನ ಕೋಪ ಬರಲೇ ಇಲ್ಲ. ಅಲ್ಲಿಗೆ ಹುಡುಗಿಯ ಕತೆ ಮುಗಿಯಿತು ಅಂದುಕೊಳ್ಳಿ!

ಅದು ೨೦೦೯. ನಮ್ಮ ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ರಾಣೇಬೆನ್ನೂರಿನಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ವಿಜಯಮಹಾಂತೇಶನಿಗೆ ಒಂದು ಹುಚ್ಚು. ರವಿವಾರ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸದ್ದು ಮಾರ್ದನಿಸದಂತೆ ಗೋಡೆಗೆ ಕೌದಿ ಕಟ್ಟಿ, ಒಂದು ಕ್ಯಾಮೆರಾ, ಎರಡು ಮೈಕು ಇಟ್ಟು ಇಂಟರ್ನೆಟ್ಟಿನಲ್ಲಿ ನೇರ ಕಚೇರಿ ನಡೆಸುತ್ತಿದ್ದ. ತಬಲಾಕ್ಕೆ ಗುಡ್ಡಪ್ಪ ಮಾಸ್ತರರು. ಹಾಡಲು ನೀಲಾಂಬಿಕಾ.

ವಾರ ವಾರವೂ ಅವಳು ಹಾಡಿದ್ದು ಪುಣೆಗೂ ಅಲ್ಲ, ಮಸ್ಕತ್ತಿಗೂ ಅಲ್ಲ. ಎದುರಿಗೆ ಕುಳಿತ ಒಬ್ಬನಿಗೆ. ಒಂದು ತಾನ ಚೆನ್ನಾಗಿ ಬಿದ್ದರೆ ಆಸೆಯಿಂದ ಅವನತ್ತ ನೋಡುತ್ತಿದ್ದಳು.

ಅವನೋ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಬೊಂಬೆಯ ಹಾಗೆ ಕುಳಿತಿರುತ್ತಿದ್ದ!

ಹಾಡು ನಿಲ್ಲಿಸಿ ನೀರು ಕುಡಿಯುವಾಗ, ಶ್ರುತಿ ಸರಿಮಾಡಿಕೊಳ್ಳುವಾಗ ಮಾತ್ರ ಅವನ ಮುಖ ಅರಳುತ್ತಿತ್ತು. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಮೊಬೈಲಿಗೆ ಪಿಸುಗುಡುತ್ತಿದ್ದ.

"ಹೂಂ ಶ್ವೇತಾ... ಚಂದ ಐತಲ್ಲಾ?... ನೀ ಇದ್ರ ನನಗ ಧೈರ್ಯ ನೋಡು."

ಶ್ವೇತಾ!

ನೀಲಾ ನೀರಿನ ಲೋಟ ಕುಕ್ಕಿದಳು. 'ನಾ ಇಲ್ಲಿ ಗಂಟಲ ಹರ್ಕೊಂಡು ಹಾಡಾಕತ್ತೇನಿ. ಇವನ ನಗಿ ಮಾತ್ರ ಆಕಿಗೆ! ಯಾರಕಿ? ಎಷ್ಟ ಚಂದ ಅದಾಳ? ನನಗಿಂತ ಬೆಳ್ಳಗದಾಳೇನು?'

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿಕೊಂಡರೂ ಅದು ಶ್ವೇತಾಳ ಆಜ್ಞೆಯೇ ಇರಬೇಕೆಂದು ಅವಳಿಗೆ ಅನಿಸತೊಡಗಿತು. ಒಂದು ಸಂಜೆ ಕಚೇರಿ ಮುಗಿದದ್ದೇ ತಂಬೂರಿಗೆ ಗವಸು ಹಾಕಿ ಎದ್ದು ನಿಂತಳು.

"ಮುಂದಿನ ರವಿವಾರ ನಾ ಬರೂದಿಲ್ರಿ. ನಿಮ್ಮ ಶ್ವೇತಾನ್ನ ಕುಂದ್ರಿಸ್ಕೊಳ್ರಿ!"

ಮಹಾಂತೇಶ ಕಣ್ಣು ಕಣ್ಣು ಬಿಟ್ಟ. "ಆಕಿ ಹಾಡೂದಿಲ್ರಿ... ಬರೇ ಕೇಳ್ತಾಳ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ ನೋಡಿ.

"ಹಂಗಾರ ಆಕಿಗೇ ಏನರ ಕೇಳಸ್ತ ಕುಂದ್ರಿ!" ಎಂದವಳು ತಿರುಗಿ ನೋಡದೆ ನಡೆದಳು. ಹಿಂದೆ ಬಂದು ಕರೆಯುತ್ತಾನೆ ಎಂದುಕೊಂಡಿದ್ದಳು... ಅವನು ಕರೆಯಲಿಲ್ಲ. ಬ್ಯಾಡಗಿ ಬಸ್ಸಿನ ಕಿಟಕಿಗೆ ಮುಖ ಇಟ್ಟು ದಾರಿಯುದ್ದಕ್ಕೂ ಅತ್ತಳು.

ವಾರವಿಡೀ ಊಟ ಸೇರಲಿಲ್ಲ. ಅವನ ಮನಸ್ಸು ತನ್ನದೋ, ಆ ಶ್ವೇತಾಳದೋ? ಇದೊಂದು ತಿಳಿಯದೆ ಇನ್ನೊಂದು ಸ್ವರ ಹಾಡಲಾರೆ ಅನಿಸಿತು. ಗುಡ್ಡಪ್ಪ ಮಾಸ್ತರರಿಗೆ ಫೋನ್ ಮಾಡಿ ಮೆಲ್ಲಗೆ ಬಾಯಿ ಬಿಡಿಸಿದಳು.

"ಶ್ವೇತಾ ಏನವ್ವಾ? ಹಾವೇರಿ ಸ್ಟೇಶನ್ ಹತ್ರ ಆಕೀದೂ ಇಂಟರ್ನೆಟ್ ಅಂಗಡಿ ಐತಿ. ಇಬ್ಬರೂ ಕಾಲೇಜಿನ್ಯಾಗ ಕೂಡೇ ಓದ್ಯಾರ."

ಕೂಡೇ ಓದ್ಯಾರ!

ರವಿವಾರ ಸಂಜೆ ಕಚೇರಿಯ ಹೊತ್ತಿಗೆ ಸರಿಯಾಗಿ ನೀಲಾ ಹಾವೇರಿಯ ಆ ಅಂಗಡಿಯ ಮೆಟ್ಟಿಲೇರಿದ್ದಳು. ಒಳಗಿದ್ದವಳು ಬೆಳ್ಳಗೇ ಇದ್ದಳು. ಚೆಂದವೂ ಇದ್ದಳು. ಕೆನ್ನೆಯಲ್ಲಿ ಗುಳಿ ಬೇರೆ! ಕಿವಿಗೆ ಹೆಡ್‌ಫೋನ್, ಎದುರಿನ ಪರದೆಯ ಮೇಲೆ ಮಹಾಂತೇಶ.

"ಅಯ್ಯ, ನೀಲಾಕ್ಕಾರ ಅಲ್ರಿ? ಬರ್ರಿ, ಕುಂದ್ರಿ!" ಶ್ವೇತಾ ಎದ್ದೇಬಿಟ್ಟಳು.

"ನನ್ನ ಗುರ್ತು ಹ್ಯಾಂಗ?"

"ಪ್ರತಿ ರವಿವಾರ ನಿಮ್ಮನ್ನ ನೋಡೂದ ನನ್ನ ಕೆಲಸಲ್ರಿ! ಧ್ವನಿ ಹೊರಗ ಹ್ಯಾಂಗ ಮುಟ್ಟತೈತಿ, ಎಲ್ಲಿ ಕಡೀತೈತಿ ಅಂತ ನಾ ಇಲ್ಲಿಂದ ಫೋನಿನ್ಯಾಗ ಹೇಳಬೇಕು. ಹಾಡವ್ರಿಗೆ ಗೊತ್ತಾದ್ರ ಅಂಜಿಕಿ ಆಗತೈತಿ, ಬಾಯಿ ಬಿಡಬ್ಯಾಡ ಅಂದಿದ್ದ ಅವ."

ನೀಲಾ ಪರದೆ ನೋಡಿದಳು. ಖಾಲಿ ಮೈಕಿನ ಮುಂದೆ ಅವನೊಬ್ಬನೇ ಕುಳಿತಿದ್ದ.

"ಇವತ್ತ ಕಚೇರಿ ಇಲ್ಲ ಅಂತ ಎಲ್ಲಾರಿಗೂ ತಿಳಿಸ್ಯಾನ್ರಿ. ಆದ್ರೂ ಕ್ಯಾಮೆರಾ ಚಾಲೂ ಇಟ್ಟಾನ. ನೀವು ಬಂದ್ರ ಬರಬಹುದು ಅಂತ." ಶ್ವೇತಾ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. "ಏ ಮಾಂತೇಶ, ಲೈನ್ ನೋಡೂಣು, ಒಂದು ಚಪ್ಪಾಳಿ ಹೊಡಿ."

ಫೋನಿನಲ್ಲಿ 'ಛಟ್' ಎಂದಿತು. ಶ್ವೇತಾ ಫೋನ್ ಕಟ್ ಮಾಡಿದಳು. ಪರದೆಯಲ್ಲಿ ಅವನು ಅಲ್ಲಾಡಲಿಲ್ಲ. ನೀಲಾ ಕಾದಳು... ಕಾದಳು... ಆಮೇಲೆ ಅವನ ಕೈಗಳು ಮೇಲೆದ್ದು ಚಪ್ಪಾಳೆ ತಟ್ಟಿದವು.

"ಇಷ್ಟ ತಡಾ?"

"ಅರ್ಧ ನಿಮಿಷ ಹಿಂದ ಬೀಳತೈತ್ರಿ. ಅವನೂ ಹೆಡ್‌ಫೋನಿನ್ಯಾಗ ಹಿಂಗ ತಿರುಗಿ ಬಂದ ಧ್ವನೀನ ಕೇಳೂದು. ಮಂದಿಗೆ ಮುಟ್ಟಿದ್ದನ್ನ ತಾನೂ ಕೇಳಬೇಕಲ್ರಿ."

ನೀಲಾ ಮತ್ತೆ ಪರದೆಯತ್ತ ತಿರುಗಿದಳು. ಹಾಗಾದರೆ... ತಾನು ನೀರು ಕುಡಿಯುವಾಗ ಅರಳುತ್ತಿದ್ದ ಆ ನಗು... ಅರ್ಧ ನಿಮಿಷ ಹಿಂದೆ ಹಾಡಿದ ತಾನಕ್ಕೆ! ಅಷ್ಟೂ ವಾರಗಳ ನಗು ತನ್ನದೇ!

"ಒಂದು ಖರೇ ಹೇಳ್ಲೇನ್ರಿ?" ಶ್ವೇತಾ ತಲೆ ತಗ್ಗಿಸಿದಳು. "ಕಾಲೇಜಿನ್ಯಾಗ ನನಗ ಅವನ ಮ್ಯಾಲ ಮನಸ್ಸಿತ್ತು. ಅವ ತಿರುಗಿ ಸುದ್ದಾ ನೋಡ್ಲಿಲ್ಲ. ಈಗ ನಿಮ್ಮ ಹಾಡಿನ ಹೊತ್ನ್ಯಾಗ ಅವನ ಧ್ವನಿ ಕೇಳಿದ್ರ ನನಗೂ ಹೊಟ್ಟಿಕಿಚ್ಚಾಗತೈತ್ರಿ."

ತನ್ನನ್ನು ನೋಡಿ ಇನ್ನೊಬ್ಬಳು ಕರುಬಿದ್ದಳು! ನೀಲಾಳಿಗೆ ನಾಚಿಕೆಯೂ ಆಯಿತು, ಒಂಚೂರು ಹೆಮ್ಮೆಯೂ ಆಯಿತು. ತನ್ನ ಮೊಬೈಲ್ ತೆಗೆದು ಅವನಿಗೆ ಹಚ್ಚಿದಳು.

"ನಾ ನೀಲಾ. ನೀವು ಏನೂ ಮಾತಾಡಬ್ಯಾಡ್ರಿ. ನನಗ ನಿಮ್ಮ ಮ್ಯಾಲ ಜೀವ ಐತಿ. ನೀವು ಶ್ವೇತಾನ ಕೂಡ ಮಾತಾಡಿದ್ರ ಹೊಟ್ಟ್ಯಾಗ ಉರಿ ಬೀಳೂವಷ್ಟ ಐತಿ. ಅಷ್ಟ!"

ಹೇಳಿದವಳೇ ಹೆದರಿ ಫೋನ್ ಕಟ್ ಮಾಡಿಬಿಟ್ಟಳು.

ಪರದೆಯ ಮೇಲೆ ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಸಪ್ಪೆ ಮುಖದಲ್ಲಿ ವಾಯರ್ ಸುತ್ತುತ್ತಿದ್ದ. ಆಗಲೇ ನೀಲಾಳ ಕೈಯಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು. ಅವನೇ!

"ಎತ್ರಿ ಅಕ್ಕಾರ!"

"ತಡಿ," ಎಂದಳು ನೀಲಾ, ಕಣ್ಣು ಕೀಳದೆ. ಬಾಯಿ ಕನಿಕರಕ್ಕೂ ಹೂಂ ಅಂದೀತು. ಮುಖ ಸುಳ್ಳು ಹೇಳುವುದಿಲ್ಲ.

ಪರದೆಯಲ್ಲಿ ಅವನು ಫೋನ್ ಎತ್ತಿದ. ಕೇಳಿದ. ವಾಯರ್ ಕೈಯಿಂದ ಜಾರಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಕಣ್ಣು ಒದ್ದೆ, ಬಾಯ್ತುಂಬ ನಗು!

ಶ್ವೇತಾ ಬಗ್ಗಿ ನೋಡಹೋದಳು. ನೀಲಾ ಮೆಲ್ಲಗೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಫೋನ್ ಎತ್ತಿದಳು.

"ಯಾಕ ಎತ್ತಲಿಲ್ರಿ? ಜೀವಾನ ಹೋಗಿತ್ತಲ್ಲ ನಂದು!"

"ನಿಮ್ಮ ಮುಖ ಬರೂದನ್ನ ಕಾಯಾಕತ್ತಿದ್ದೆ."

ಅವಳು ಶ್ವೇತಾಳ ಪರದೆಯ ಮುಂದಿದ್ದಾಳೆಂದು ಅವನಿಗೆ ಆಗ ಹೊಳೆಯಿತು.

"ಬಂತೇನ್ರಿ?"

"ಬಂತು."

"ಏನ್ ಹೇಳ್ತು?"

"ನೀವು ಬಾಯಿ ಬಿಟ್ಟು ಹೇಳಬೇಕಾದ್ದೆಲ್ಲಾ ಹೇಳ್ತು... ಆದ್ರೂ ಒಮ್ಮೆ ಹೇಳ್ರಿ."

"ಫೋನಿನ್ಯಾಗ ಹೇಳೂದಿಲ್ಲ. ಅಲ್ಲೇ ಇರ್ರಿ, ಗಾಡಿ ತಗೊಂಡು ಬಂದೆ. ನಿಮ್ಮ ಎದುರಿಗೆ ನಿಂತು ಹೇಳ್ತೇನಿ."